ಬಲ್ಕಿಂಗ್: ತೋಳು ದಪ್ಪವಾಗಲಿ, ಹೊಟ್ಟೆಯಲ್ಲ

ಜಿಮ್ ಸೇರಿದ ತೆಳ್ಳಗಿನ ಹುಡುಗರಿಗೆ ಮೊದಲು ಸಿಗುವ ಉಪದೇಶ: ‘ಈಗ ಚೆನ್ನಾಗಿ ತಿನ್ನು, ಆಮೇಲೆ ಕರಗಿಸಿದರಾಯಿತು.’ ಮೂರ್ನಾಲ್ಕು ತಿಂಗಳಲ್ಲಿ ತೂಕವೇನೋ ಏರುತ್ತದೆ, ಜೊತೆಗೆ ಪ್ಯಾಂಟೂ ಬಿಗಿಯಾಗುತ್ತದೆ. ದೇಹ ಒಂದು ತಿಂಗಳಲ್ಲಿ ಕಟ್ಟಬಲ್ಲ ಸ್ನಾಯುವಿಗೆ ಮಿತಿಯಿದೆ. ಅದಕ್ಕೆ ಬೇಕಾದಷ್ಟನ್ನು ಮೀರಿ ತಿಂದದ್ದು ಬಹುಪಾಲು ಕೊಬ್ಬಾಗುತ್ತದೆ. ಹಾಗಾಗಿ ಅಳತೆ ಅರಿತು ತಿನ್ನುವುದೇ ಬಲ್ಕಿಂಗ್‌ನ, ಅಂದರೆ ಹೆಚ್ಚು ತಿಂದು ಸ್ನಾಯು ಬೆಳೆಸುವ ಕ್ರಮದ, ಗುಟ್ಟು.

1. ಮೊದಲು ಸೊಂಟ ಅಳೆಯಿರಿ
ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದ್ದರೆ ಬಲ್ಕಿಂಗ್ ಸದ್ಯಕ್ಕೆ ಬೇಡ. ಹೊಸದಾಗಿ ವ್ಯಾಯಾಮ ಶುರುಮಾಡಿದವರಲ್ಲಿ ಹೆಚ್ಚುವರಿ ಊಟವಿಲ್ಲದೆಯೂ ಸ್ನಾಯು ಬೆಳೆಯುತ್ತದೆ. ಮೊದಲು ಹೊಟ್ಟೆ ಇಳಿಯಲಿ.

2. ಸ್ವಲ್ಪವೇ ಹೆಚ್ಚು ತಿನ್ನಿ
ಈಗ ತಿನ್ನುತ್ತಿರುವ ಊಟದಲ್ಲಿ ಎರಡು ವಾರ ತೂಕ ಸ್ಥಿರವಾಗಿದೆಯೇ ನೋಡಿ. ಸ್ಥಿರವಾಗಿದ್ದರೆ ದಿನಕ್ಕೆ 200ರಿಂದ 300 ಕ್ಯಾಲೊರಿ ಸೇರಿಸಿದರೆ ಸಾಕು. ಎರಡು ಬೇಯಿಸಿದ ಮೊಟ್ಟೆ, ಒಂದು ಪಚ್ಚಬಾಳೆ ತಿಂದರೆ ಹೆಚ್ಚುಕಡಿಮೆ ಅಷ್ಟಾಯಿತು. ಎಣ್ಣೆಯ ಮೇಲೆ ಕಣ್ಣಿರಲಿ: ಒಂದು ದೊಡ್ಡ ಚಮಚದಲ್ಲೇ ಸುಮಾರು 120 ಕ್ಯಾಲೊರಿ ಇರುತ್ತದೆ. ಬೋಂಡ, ಪರೋಟ, ಬಿರಿಯಾನಿಯಿಂದ ಬಲ್ಕಿಂಗ್ ಮಾಡಹೊರಟವರು ಸೋಲುವುದು ಇಲ್ಲೇ.

3. ಪ್ರೊಟೀನ್ ಲೆಕ್ಕ ತಪ್ಪದಿರಲಿ
ದೇಹದ ತೂಕದ ಪ್ರತಿ ಕೆ.ಜಿ.ಗೆ 1.6 ಗ್ರಾಂ ಪ್ರೊಟೀನ್ ಗುರಿಯಾಗಿರಲಿ, 2.2 ಗ್ರಾಂ ದಾಟಿದರೆ ಹೆಚ್ಚಿನ ಲಾಭವಿಲ್ಲ. 65 ಕೆ.ಜಿ. ತೂಗುವವರಿಗೆ ದಿನಕ್ಕೆ 104 ಗ್ರಾಂ ಬೇಕು. ಮುದ್ದೆ, ಅನ್ನ, ತಿಳಿಸಾರಿನಿಂದ ಇದು ಒದಗುವುದಿಲ್ಲ. ಸಸ್ಯಾಹಾರಿಗಳ ಒಂದು ದಿನದ ಲೆಕ್ಕ ಹೀಗಿರಬಹುದು:

- ಸೋಯಾ ಚಂಕ್ಸ್ 50 ಗ್ರಾಂ (ಒಣ ತೂಕ): 26 ಗ್ರಾಂ
- ಹುರುಳಿ, ಕಡಲೆ, ಬೇಳೆ ಸೇರಿ 100 ಗ್ರಾಂ (ಬೇಯಿಸುವ ಮುನ್ನ): ಸುಮಾರು 22 ಗ್ರಾಂ
- ಪನೀರ್ 100 ಗ್ರಾಂ: ಸುಮಾರು 18 ಗ್ರಾಂ
- ಹಾಲು, ಮೊಸರು ಸೇರಿ ಅರ್ಧ ಲೀಟರ್: 16 ಗ್ರಾಂ
- ಕಡಲೆಕಾಯಿ ಬೀಜ ಒಂದು ಹಿಡಿ: 7 ಗ್ರಾಂ

ಒಟ್ಟು 89 ಗ್ರಾಂ. ಉಳಿದದ್ದು ರಾಗಿ, ಅಕ್ಕಿ, ಗೋಧಿಯಿಂದ ಬರುತ್ತದೆ. ಮಾಂಸಾಹಾರಿಗಳಿಗೆ ಇದು ಇನ್ನೂ ಸುಲಭ: ಒಂದು ಮೊಟ್ಟೆಯಲ್ಲಿ 6 ಗ್ರಾಂ, 100 ಗ್ರಾಂ ಹಸಿ ಕೋಳಿಯ ಎದೆಮಾಂಸದಲ್ಲಿ ಸುಮಾರು 23 ಗ್ರಾಂ ಪ್ರೊಟೀನ್ ಇರುತ್ತದೆ. ಇದನ್ನೆಲ್ಲ ಒಂದೇ ಹೊತ್ತಿಗೆ ತಿನ್ನದೆ ಮೂರ್ನಾಲ್ಕು ಹೊತ್ತಿಗೆ ಹಂಚಿಕೊಳ್ಳಿ.

4. ಎತ್ತುವ ಭಾರ ಏರಲಿ
ಸ್ನಾಯುವಿಗೆ ಕೆಲಸ ಕೊಡದಿದ್ದರೆ ತಿಂದ ಪ್ರೊಟೀನ್ ವ್ಯರ್ಥ. ಸ್ಕ್ವಾಟ್, ಬೆಂಚ್ ಪ್ರೆಸ್, ಡೆಡ್‌ಲಿಫ್ಟ್, ರೋ, ಪುಲ್‌ಅಪ್ ಮುಖ್ಯವಾಗಿರಲಿ. ಪ್ರತಿ ಸ್ನಾಯುವಿಗೂ ವಾರದಲ್ಲಿ ಎರಡು ಬಾರಿ, ಒಟ್ಟು ಸುಮಾರು 10 ಸೆಟ್ ಕೆಲಸ ಸಿಗಬೇಕು. ಒಂದು ಸೆಟ್‌ಗೆ 8ರಿಂದ 12 ಸಲ ಎತ್ತಿ. ಎಲ್ಲ ಸೆಟ್‌ಗಳಲ್ಲೂ 12 ಮುಟ್ಟಿದ ಮೇಲೆ ಸ್ವಲ್ಪ ಭಾರ ಹೆಚ್ಚಿಸಿ. ಎಷ್ಟು ಭಾರ, ಎಷ್ಟು ಸಲ ಎಂಬುದನ್ನು ಬರೆದಿಡಿ. ರಾತ್ರಿ ಏಳೆಂಟು ಗಂಟೆ ನಿದ್ದೆ ಬೇಕೇ ಬೇಕು.

5. ವಾರವಾರ ಪರೀಕ್ಷಿಸಿ
ಬೆಳಿಗ್ಗೆ ಶೌಚ ಮುಗಿಸಿ, ಏನೂ ತಿನ್ನುವ ಮುನ್ನ ತೂಕ ನೋಡಿ. ವಾರದ ಸರಾಸರಿ ತೆಗೆಯಿರಿ. ವಾರಕ್ಕೆ ತೂಕದ ಶೇ 0.25ರಿಂದ 0.5ರಷ್ಟು ಏರಿದರೆ ಸರಿಯಾದ ದಾರಿಯಲ್ಲಿದ್ದೀರಿ. 65 ಕೆ.ಜಿ.ಯವರಿಗೆ ಅದು 160ರಿಂದ 325 ಗ್ರಾಂ. ಆರಂಭದ ಏರಿಕೆಯಲ್ಲಿ ನೀರಿನ ಪಾಲೂ ಇರುವುದರಿಂದ ಮೂರನೇ ವಾರದಿಂದ ತೀರ್ಮಾನಿಸಿ.

- ತೂಕ ಕದಲದಿದ್ದರೆ 100 ಕ್ಯಾಲೊರಿ ಸೇರಿಸಿ.
- ತೀರಾ ಬೇಗ ಏರುತ್ತಿದ್ದರೆ ಅಷ್ಟೇ ಕಡಿಮೆ ಮಾಡಿ.
- ಎತ್ತುವ ಭಾರ ಏರದೆ ಸೊಂಟವಷ್ಟೇ ಏರುತ್ತಿದ್ದರೆ ಹೆಚ್ಚುವರಿ ಊಟ ನಿಲ್ಲಿಸಿ, ವ್ಯಾಯಾಮ ಸರಿಪಡಿಸಿಕೊಳ್ಳಿ.

6. ಡಬ್ಬಿಗಳ ಬಗ್ಗೆ ಎಚ್ಚರ
ಮಾಸ್ ಗೇನರ್ ಪುಡಿಗಳಲ್ಲಿ ಸಾಮಾನ್ಯವಾಗಿ ಪ್ರೊಟೀನ್‌ಗಿಂತ ಪಿಷ್ಟ, ಸಕ್ಕರೆಯೇ ಹೆಚ್ಚು. ವೇ ಪ್ರೊಟೀನ್ ಅನುಕೂಲಕ್ಕಷ್ಟೇ, ಅನಿವಾರ್ಯವಲ್ಲ. ಕ್ರಿಯಾಟಿನ್ ಮಾನೊಹೈಡ್ರೇಟ್ ದಿನಕ್ಕೆ 3ರಿಂದ 5 ಗ್ರಾಂ ಪ್ರಯೋಜನಕಾರಿ. ಮೂತ್ರಪಿಂಡದ ತೊಂದರೆ, ಮಧುಮೇಹ ಇರುವವರು ಆಹಾರ ಬದಲಿಸುವ ಮುನ್ನ ವೈದ್ಯರನ್ನು ಕಾಣಬೇಕು. ಜಿಮ್‌ನಲ್ಲಿ ಯಾರಾದರೂ ಸ್ಟಿರಾಯ್ಡ್ ಚುಚ್ಚುಮದ್ದು ಕೊಡಲು ಬಂದರೆ ಖಂಡಿತ ಬೇಡವೆನ್ನಿ. ಅದು ಹೃದಯ, ಯಕೃತ್ತು, ಸಂತಾನಶಕ್ತಿ ಮೂರಕ್ಕೂ ಅಪಾಯ.

ಈ ಕ್ರಮದಲ್ಲೂ ಒಂದಿಷ್ಟು ಕೊಬ್ಬು ಸೇರುತ್ತದೆ, ಅದಕ್ಕೆ ಹೆದರಬೇಕಿಲ್ಲ. ಕನಿಷ್ಠ ನಾಲ್ಕು ತಿಂಗಳು ಬಿಡದೆ ಪಾಲಿಸಿ, ಆಮೇಲೆ ಫಲ ಅಳೆಯಿರಿ.