ಎಣ್ಣೆ ಕುಡಿದ ಮಣ್ಣಿಗೆ ಹುಲ್ಲಿನ ಮದ್ದು

ಗ್ಯಾರೇಜಿನ ಹಿತ್ತಲು, ಡೀಸೆಲ್ ಪಂಪ್‌ಸೆಟ್ಟಿನ ಬುಡ, ಟ್ರ್ಯಾಕ್ಟರ್ ನಿಲ್ಲಿಸುವ ಜಾಗ: ಕಪ್ಪಗೆ ಜಿಡ್ಡುಗಟ್ಟಿದ ಮಣ್ಣು ಯಾವ ಊರಲ್ಲಿಲ್ಲ? ಕ್ರಮ ತಪ್ಪದಿದ್ದರೆ ಅದನ್ನು ಗಿಡಗಳಿಂದಲೇ ಗುಣಪಡಿಸಬಹುದು.

1. ಮೊದಲು ಸೋರಿಕೆ ನಿಲ್ಲಿಸಿ. ಹಳೇ ಆಯಿಲನ್ನು ಡಬ್ಬದಲ್ಲಿ ಹಿಡಿದಿಟ್ಟು, ಪರವಾನಗಿ ಇರುವ ಮರುಸಂಸ್ಕರಣೆಯವರಿಗೇ ಕೊಡಿ.

2. ನಿಜವಾಗಿ ದುಡಿಯುವವರು ಯಾರೆಂದು ತಿಳಿದಿರಲಿ. ಗಿಡ ತಾನೇ ಹೀರುವ ಎಣ್ಣೆ ತೀರಾ ಕಡಿಮೆ. ಬೇರು ಒಸರಿಸುವ ಸಕ್ಕರೆ, ಆಮ್ಲಗಳನ್ನು ಉಂಡು ಹೆಚ್ಚುವ ಸೂಕ್ಷ್ಮಾಣುಗಳು ಎಣ್ಣೆಯನ್ನು ಒಡೆಯುತ್ತವೆ. 1991ರ ಕೊಲ್ಲಿ ಯುದ್ಧದಲ್ಲಿ ಕುವೈತಿನ ಮರಳುಗಾಡು ಕಚ್ಚಾ ತೈಲದಲ್ಲಿ ತೊಯ್ದುಹೋಗಿತ್ತು. ಆಮೇಲೆ ಆ ನೆಲದಲ್ಲೇ ಕಾಡುಗಿಡಗಳು ಎದ್ದವು. ಕುವೈತ್ ವಿಶ್ವವಿದ್ಯಾಲಯದ ಸಮೀರ್ ರದ್ವಾನ್ ಮತ್ತು ಸಂಗಡಿಗರು ಅವನ್ನು ಕಿತ್ತು ನೋಡಿದಾಗ ಬೇರುಗಳು ಬೆಳ್ಳಗೆ, ಶುಭ್ರವಾಗಿದ್ದವು. ಸುತ್ತಲ ಮಣ್ಣಿನಲ್ಲಿ ಎಣ್ಣೆ ತಿನ್ನುವ ಬ್ಯಾಕ್ಟೀರಿಯಾ ದಟ್ಟವಾಗಿದ್ದವು. 1995ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಆ ಪುಟ್ಟ ವರದಿಯೇ ಈ ವಿದ್ಯೆಗೆ ಮೊದಲ ಪಾಠವೆಂದು ನಾನು ಹೇಳುತ್ತೇನೆ.

3. ಗಿಡವನ್ನು ಬೇರು ನೋಡಿ ಆರಿಸಿ. ಒತ್ತಾಗಿ ಹರಡುವ ತಂತುಬೇರಿನ ಹುಲ್ಲುಗಳು ಮೇಲು: ಗರಿಕೆ, ಜೋಳ, ಲಾವಂಚ. ಲಾವಂಚದ ಬೇರು 3 ಮೀಟರಿನವರೆಗೂ ಇಳಿಯಬಲ್ಲದು.

4. ಸಾರಜನಕ ಮರೆಯಬೇಡಿ. ಎಣ್ಣೆಯಲ್ಲಿರುವುದು ಹೆಚ್ಚಾಗಿ ಇಂಗಾಲ. ಅದನ್ನು ತಿನ್ನಲು ಹೊರಟ ಸೂಕ್ಷ್ಮಾಣುಗಳು ಮಣ್ಣಿನ ಸಾರಜನಕವನ್ನೆಲ್ಲ ಬಾಚಿಕೊಳ್ಳುತ್ತವೆ. ಸಸಿ ಹಳದಿಯಾಗಿ ಸೊರಗುತ್ತದೆ. ಇಂಗಾಲ, ಸಾರಜನಕ, ರಂಜಕ 100:10:1ರ ಆಸುಪಾಸಿನಲ್ಲಿರಬೇಕೆಂಬುದು ರೂಢಿಯ ಲೆಕ್ಕ. ಕೊಟ್ಟಿಗೆ ಗೊಬ್ಬರ ಧಾರಾಳವಾಗಿ ಬೆರೆಸಿ, ಹುಲ್ಲಿನ ನಡುವೆ ಅಲಸಂದೆಯನ್ನೋ ಸೆಣಬನ್ನೋ ಬಿತ್ತಿ. ಯೂರಿಯಾ ಒಂದೇ ಸಲ ಸುರಿದರೆ ಎಳೆಬೇರು ಸುಟ್ಟುಹೋಗುತ್ತದೆ, ಕಂತುಕಂತಾಗಿ ಕೊಡಿ.

5. ಗಾಳಿಯೂ ಇರಲಿ, ಹದವೂ ಇರಲಿ. ಜಿಡ್ಡುಮಣ್ಣು ನೀರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಬಿತ್ತುವ ಮುನ್ನ ಅಗೆದು ಸಡಿಲಿಸಿ, ಆಮೇಲೆ ಸ್ವಲ್ಪಸ್ವಲ್ಪವೇ ನೀರು ಕೊಡಿ. ನೀರು ನಿಂತಲ್ಲಿ ಆಮ್ಲಜನಕ ಸಿಗದೆ ಕೆಲಸ ಕುಂಟುತ್ತದೆ.

6. ಅಲ್ಲಿ ದನ ಮೇಯಿಸಬೇಡಿ, ತಿನ್ನಲೆಂದು ಸೊಪ್ಪು, ಕಾಳು ಏನನ್ನೂ ಬೆಳೆಯಬೇಡಿ. ದಯವಿಟ್ಟು ಇದರಲ್ಲಿ ರಾಜಿ ಬೇಡ. ಬಳಸಿದ ಎಂಜಿನ್ ಆಯಿಲಿನಲ್ಲಿ ಸೀಸ, ಸತುವಿನಂಥ ಲೋಹಗಳಿರಬಹುದು. ಎಣ್ಣೆಯನ್ನು ಒಡೆಯುವ ಸೂಕ್ಷ್ಮಾಣು ಲೋಹವನ್ನು ಇಲ್ಲವಾಗಿಸಲಾರದು. ಆ ಲೋಹ ಗಿಡದೊಳಕ್ಕೂ ಸೇರೀತು.

7. ಹಸಿರು ಕಂಡ ಮಾತ್ರಕ್ಕೆ ಮಣ್ಣು ಶುದ್ಧವಾಯಿತೆಂದಲ್ಲ. ಬಿತ್ತುವ ಮೊದಲೊಮ್ಮೆ, ಬಳಿಕ ವರ್ಷಕ್ಕೊಮ್ಮೆ, ಮಣ್ಣಿನ ಒಟ್ಟು ಪೆಟ್ರೋಲಿಯಂ ಹೈಡ್ರೋಕಾರ್ಬನ್ ಪ್ರಮಾಣವನ್ನು ಪ್ರಯೋಗಾಲಯದಲ್ಲಿ ಅಳೆಸಿ. ಡೀಸೆಲ್ ಬೇಗ ಇಳಿಯುತ್ತದೆ, ಎಂಜಿನ್ ಆಯಿಲ್ ವರ್ಷಗಟ್ಟಲೆ ಕಾಯಿಸುತ್ತದೆ. ಬೇರಿಗೆ ನಿಲುಕದ ಆಳಕ್ಕೆ, ಬಾವಿಯ ನೀರಿಗೆ ಎಣ್ಣೆ ಇಳಿದಿದೆಯೆಂದು ಅನುಮಾನ ಬಂದರೆ ಹುಲ್ಲನ್ನು ನಂಬಿ ಕೂರದೆ, ಆ ನೀರು ಕುಡಿಯುವುದನ್ನು ನಿಲ್ಲಿಸಿ ಮಾಲಿನ್ಯ ನಿಯಂತ್ರಣ ಮಂಡಳಿಗೆ ತಿಳಿಸಿ.