ನಿಪ್ ಬೇರೆ, ನಿಕ್ ಬೇರೆ

ಮಗೂ, ಬರುವ ತಿಂಗಳು ನೀನು ಡಾಕ್ಟರಾಗಿ ಇಂಗ್ಲೆಂಡಿಗೆ ಹೊರಟಿದ್ದೀಯ. ಅಲ್ಲಿ ಡಾಕ್ಟರಾಗಲು ಬರೆಯಬೇಕಾದ ಪ್ಲ್ಯಾಬ್ ಪರೀಕ್ಷೆ ಪಾಸಾಯಿತು, ಇಂಗ್ಲಿಷ್ ಪರೀಕ್ಷೆಯೂ ಮುಗಿಯಿತು. ಆದರೆ ವಾರ್ಡಿನ ಹರಟೆಯ ಇಂಗ್ಲಿಷನ್ನು ಯಾವ ಪರೀಕ್ಷೆಯೂ ಕೇಳುವುದಿಲ್ಲ. ಅಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನ ಕಿವಿಯನ್ನು ಬಹಳ ಕಾಡಿದ್ದು ಎರಡು ಪುಟ್ಟ ಕ್ರಿಯಾಪದಗಳು: ನಿಪ್ ಮತ್ತು ನಿಕ್.

ನಿಪ್ ಅಂದರೆ ಹೀಗೆ ಹೋಗಿ ಹಾಗೆ ಬರುವುದು. ಹಾಲು ತರಲು ಪಕ್ಕದ ಅಂಗಡಿಗೆ ಹೋಗುವವರು ನಿಪ್ ಔಟ್ ಆಗುತ್ತಾರೆ. ನಿಕ್ ಅಂದರೆ ಕದಿಯುವುದು. ಹಾಲನ್ನು ನಿಕ್ ಮಾಡಿದೆ ಅಂದರೆ ದುಡ್ಡು ಕೊಡದೆ ಎತ್ತಿಕೊಂಡು ಬಂದೆ ಎಂದೇ ಅರ್ಥ. "ನನ್ನ ಪೆನ್ನು ಯಾರು ನಿಕ್ ಮಾಡಿದ್ದು?" ಎಂದು ಜೊತೆಯವರು ಕೇಳಿದರೆ ಅದು ಸಲಿಗೆ, ಉಂಗುರ ಕಳೆದುಕೊಂಡ ರೋಗಿಯ ಎದುರು ಅದೇ ಮಾತು ಆಪಾದನೆ. ಪೊಲೀಸರ ವಿಷಯದಲ್ಲಿ ನಿಕ್ ಅಂದರೆ ಹಿಡಿದು ಹಾಕುವುದು, ಠಾಣೆಗೂ ಜೈಲಿಗೂ ಅದೇ ಹೆಸರು. ಆದರೆ ಹಳೇ ಕಾರು 'ಗುಡ್ ನಿಕ್'ನಲ್ಲಿದೆ ಅಂದರೆ ಗಟ್ಟಿಮುಟ್ಟಾಗಿದೆ ಎಂದಷ್ಟೆ.

ಕ್ರಿಕೆಟ್ ನೋಡುವವಳು ನೀನು. ಚೆಂಡು ಬ್ಯಾಟಿನ ಅಂಚು ಸವರಿದರೆ ಅದೂ ನಿಕ್ಕೇ. ಆ ಪದದ ಹಳೇ ಅರ್ಥ ಸಣ್ಣ ಕಚ್ಚು. ನಿಪ್‌ನದು ನಮ್ಮ ಚಿವುಟು. ನನಗೆ ಸೋಜಿಗವೆನಿಸಿದ್ದು ಇದು: 1590ರ ದಶಕದ ಲಂಡನ್ ಕಳ್ಳರ ಮಾತಿನಲ್ಲಿ ನಿಪ್ ಅಂದರೆ ಹಣದ ಚೀಲವನ್ನು ಕತ್ತರಿಸಿ ಒಯ್ಯುವವನು. ಆ ಕಾಲದ ಲೇಖಕ ರಾಬರ್ಟ್ ಗ್ರೀನ್ ಕಳ್ಳರ ಕಸುಬಿನ ಬಗ್ಗೆ ಬರೆದ ಕಿರುಹೊತ್ತಗೆಗಳಲ್ಲಿ ಈ ಪದ ಸಿಗುತ್ತದೆ. ಇತ್ತ ಆಸ್ಟ್ರೇಲಿಯಾದಲ್ಲಿ ನಿಕ್ಕಿಗೆ ಬೇಗ ಹೋಗಿ ಬರುವುದು ಎಂಬ ಅರ್ಥವೂ ಇದೆ! ನಿಘಂಟಿನ ಅರ್ಥವೊಂದನ್ನೇ ನೆಚ್ಚಬೇಡ ಎನ್ನುವುದು ಇದಕ್ಕೇ.

ಕಿವಿ ಮೋಸಹೋಗುವುದು ಸಹಜ. ಸರಸರ ಮಾತಿನಲ್ಲಿ ಕೊನೆಯ ಪ್, ಕ್ ಎರಡೂ ಬಾಯೊಳಗೇ ಉಳಿದುಬಿಡುತ್ತವೆ. ಹಲ್ಲಿಗೂ ಹಳ್ಳಿಗೂ ನಾಲಿಗೆ ಮಡಚುವಷ್ಟೇ ಅಂತರವಿಲ್ಲವೇ, ಹಾಗೆ. ಆಗ ಅವರ ತುಟಿ ನೋಡು: ನಿಪ್ ಎನ್ನುವಾಗ ತುಟಿ ಮುಚ್ಚುತ್ತದೆ, ನಿಕ್ ಎನ್ನುವಾಗ ತೆರೆದೇ ಇರುತ್ತದೆ. ಮಾಸ್ಕ್ ಹಾಕಿದ್ದರೆ ಸಂಕೋಚಪಡದೆ ಇನ್ನೊಮ್ಮೆ ಕೇಳು.

ಕೇಳಿದ ಕೂಡಲೇ ಇಂಥ ಪದಗಳನ್ನು ಆಡಲು ಹೋಗಬೇಡ. 'ಹೋಗಿದ್ದೆ' ಎಂಬುದಕ್ಕೆ ಶಾಲೆಯಲ್ಲಿ ಕಲಿತ 'ವೆಂಟ್' ಸಾಕು. ವಾರಕ್ಕೊಮ್ಮೆ ಫೋನ್ ಮಾಡಿದಾಗ, ವಾರ್ಡಿನಲ್ಲಿ ಕೇಳಿದ ಹೊಸ ಮಾತೊಂದನ್ನು ನನಗೆ ಹೇಳು. ಯಾರು ಯಾರಿಗೆ ಆಡಿದರು, ಕೇಳಿಸಿಕೊಂಡವರ ಮುಖ ಹೇಗಿತ್ತು, ಅದನ್ನೂ ಹೇಳು.