ಖೋಲಿ ಖಾಲಿ ಮಾಡುವವರಿಗೆ: ಮಾಡಬೇಕಾದ್ದು, ಮಾಡಬಾರದ್ದು

ಧಾರವಾಡದ ಸಪ್ತಾಪುರ, ಕಲ್ಯಾಣ ನಗರ, ಮಾಳಮಡ್ಡಿ ಓಣಿಗಳಲ್ಲಿ ಬಾಡಿಗೆ ಖೋಲಿ ಹಿಡಿದು ಓದುತ್ತಿರುವ ಎಲ್ಲರಿಗೆ. ಖೋಲಿ ಕೊಟ್ಟ ಮಾಲೀಕರಿಗೂ.

ಪರೀಕ್ಷೆ ಮುಗಿದ ಸಂಜೆಯೇ ಊರಿನ ಬಸ್ಸು ಹತ್ತುತ್ತೀರಿ. ನೀವು ಬಿಟ್ಟದ್ದನ್ನು ಎತ್ತುವವರು ಪೌರಕಾರ್ಮಿಕರು, ಎಷ್ಟೋ ಸಲ ಬರಿಗೈಯಲ್ಲಿ. ಚೀಲದೊಳಗಿನ ಬ್ಲೇಡು ಅವರ ಅಂಗೈ ಸೀಳುತ್ತದೆ. ಮೊಬೈಲ್ ಬ್ಯಾಟರಿ ಕಸದ ಗಾಡಿಯಲ್ಲಿ ಜಜ್ಜಿಹೋಗಿ ಹೊತ್ತಿಕೊಳ್ಳುತ್ತದೆ. ಬ್ಯಾರಲ್‌ನಲ್ಲಿ ಉಳಿದ ನೀರಿನಲ್ಲಿ ಎಂಟು ಹತ್ತು ದಿನಕ್ಕೆ ಡೆಂಗಿ ಸೊಳ್ಳೆ ಏಳುತ್ತದೆ. ಚರಂಡಿಗೆ ತುರುಕಿದ ಗಾದಿಯಿಂದ ಜೂನ್ ಮಳೆಯ ನೀರು ಕೆಳಗಿನ ಮನೆಗಳಿಗೆ ನುಗ್ಗುತ್ತದೆ.

ಮಾಡಬೇಕಾದ್ದು

ಎಂಟು ದಿನ ಮೊದಲೇ ಶುರು ಮಾಡಿ. ಕೊನೆಯ ರಾತ್ರಿ ಆಗುವ ಕೆಲಸವಲ್ಲ ಇದು.

ಕಸದ ಗಾಡಿ ಎಷ್ಟು ಹೊತ್ತಿಗೆ ಬರುತ್ತದೆಂದು ಓಣಿಯವರನ್ನು ಕೇಳಿಕೊಳ್ಳಿ.

ಊರಿಂದ ಬಸ್ಸಿನಲ್ಲಿ ಬರುವ ಬುತ್ತಿಯನ್ನು ಮೂರು ದಿನ ಮೊದಲೇ ನಿಲ್ಲಿಸಲು ಮನೆಗೆ ಫೋನ್ ಮಾಡಿ.

ಉಳಿದ ಖಡಕ್ ರೊಟ್ಟಿ, ಚಟ್ನಿಪುಡಿ, ಅಕ್ಕಿ, ಬೇಳೆಯನ್ನು ಪಕ್ಕದ ಖೋಲಿಯವರಿಗೆ ಕೊಡಿ.

ಕುಕ್ಕರ್ ತೆರೆದು ನೋಡಿ. ಕಳೆದ ವರ್ಷ ನಮ್ಮ ಓಣಿಯ ಒಂದು ಖೋಲಿಯಲ್ಲಿ ಮೂರು ವಾರದ ಅನ್ನ ಅದರೊಳಗೇ ಇತ್ತು. ಮುಚ್ಚಳ ತೆಗೆದವರು ಊಟ ಬಿಟ್ಟರು.

ಹಸಿ ಕಸ ಬೇರೆ ಮಾಡಿ, ಅದನ್ನು ದಿನದಿನವೂ ಗಾಡಿಗೆ ಕೊಡಿ.

ಹಾಲಿನ ಪಾಕೀಟು, ಎಣ್ಣೆ ಪಾಕೀಟು ತೊಳೆದು ಒಣಗಿಸಿ ಒಣ ಕಸಕ್ಕೆ ಹಾಕಿ.

ಬಳಸಿದ ಸ್ಯಾನಿಟರಿ ಪ್ಯಾಡುಗಳನ್ನು ಹಳೆಯ ಪೇಪರಿನಲ್ಲಿ ಸುತ್ತಿ, ಮೇಲೆ ಕೆಂಪು ಪೆನ್ನಿನಿಂದ ಗುರುತು ಹಾಕಿ, ಬೇರೆಯಾಗಿ ಕೊಡಿ.

ಬ್ಲೇಡು, ಒಡೆದ ಕನ್ನಡಿ, ಗಾಜಿನ ಚೂರನ್ನು ದಪ್ಪ ರಟ್ಟಿನ ಡಬ್ಬಿಯಲ್ಲಿಟ್ಟು ಟೇಪು ಸುತ್ತಿ, ಮೇಲೆ ‘ಗಾಜು’ ಎಂದು ದೊಡ್ಡದಾಗಿ ಬರೆಯಿರಿ.

ಟ್ಯೂಬ್‌ಲೈಟ್, ಸಿಎಫ್‌ಎಲ್ ಬಲ್ಬನ್ನು ಒಡೆಯದೆ ಇಡಿಯಾಗಿ ಬೇರೆ ಕೊಡಿ. ಅವುಗಳಲ್ಲಿ ಪಾದರಸ ಇದೆ.

ಹಳೆಯ ಮೊಬೈಲು, ಚಾರ್ಜರು, ಪವರ್ ಬ್ಯಾಂಕು, ಸೊಳ್ಳೆ ಬ್ಯಾಟನ್ನು ಒಂದು ಡಬ್ಬಿಗೆ ಹಾಕಿ, ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆ ಮುಟ್ಟಿಸಿ.

ಮೊಬೈಲಿನಿಂದ ಸಿಮ್ ತೆಗೆಯಿರಿ, ಒಳಗಿನದೆಲ್ಲ ಅಳಿಸಿ.

ಬಿಡಿ ಬ್ಯಾಟರಿಯ ಎರಡೂ ತುದಿಗೆ ಟೇಪು ಅಂಟಿಸಿ.

ಉಬ್ಬಿದ ಬ್ಯಾಟರಿ ಕಂಡರೆ ಒಣ ಉಸುಕು ತುಂಬಿದ ತಗಡಿನ ಡಬ್ಬಿಯಲ್ಲಿ ಹೂತಿಡಿ, ಖೋಲಿಯಿಂದ ಹೊರಗಿಡಿ.

ಇಲಿ ಪಾಷಾಣ ಎಲ್ಲೆಲ್ಲಿ ಇಟ್ಟಿದ್ದಿರೋ ನೆನಪು ಮಾಡಿಕೊಂಡು, ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಪ್ರತಿ ತುಂಡನ್ನೂ ತೆಗೆಯಿರಿ. ಒಣಗಿದ್ದಾಗಲೇ ತೆಗೆಯಿರಿ, ಕೆಲವು ಪಾಷಾಣ ಒದ್ದೆಯಾದರೆ ವಿಷಾನಿಲ ಬಿಡುತ್ತವೆ.

ಗ್ಯಾಸ್ ಸಿಲಿಂಡರನ್ನು ತಂದಲ್ಲಿಗೇ ವಾಪಸು ಕೊಡಿ. ನಿಮ್ಮ ಹೆಸರಿನ ಕನೆಕ್ಷನ್ ಇದ್ದರೆ ಏಜೆನ್ಸಿಗೆ ಒಪ್ಪಿಸಿ ಠೇವಣಿ ಹಿಂಪಡೆಯಿರಿ.

ಹತ್ತಿಯ ಗಾದಿಯನ್ನು ಗಾದಿ ಅಂಗಡಿಯವರಿಗೆ ತೋರಿಸಿ. ಹತ್ತಿ ಚೆನ್ನಾಗಿದ್ದರೆ ಬಿಡಿಸಿ ಮತ್ತೆ ತುಂಬುತ್ತಾರೆ.

ಫೋಮಿನ ಗಾದಿ, ಮುರಿದ ಕಾಟು, ಕುರ್ಚಿಗೆ ಪಾಲಿಕೆಯ ವಲಯ ಕಚೇರಿಗೆ ಮೊದಲೇ ಹೇಳಿ, ಒಯ್ಯುವ ದಿನ ಗೊತ್ತು ಮಾಡಿಕೊಳ್ಳಿ.

ಗೈಡು, ಹಳೆಯ ಪ್ರಶ್ನೆಪತ್ರಿಕೆ, ನೋಟ್ಸನ್ನು ಮುಂದಿನ ಬ್ಯಾಚಿನವರಿಗೆ ಕೊಡಿ. ಅವರೂ ಬೇಡವೆಂದದ್ದನ್ನು ರದ್ದಿಗೆ ಹಾಕಿ.

ರದ್ದಿಗೆ ಹಾಕುವ ಮೊದಲು ಪ್ರತಿ ಪುಸ್ತಕವನ್ನೂ ಕೊಡವಿ ನೋಡಿ. ಆಧಾರ್ ಝೆರಾಕ್ಸ್, ಹಾಲ್ ಟಿಕೆಟ್, ಪಾಸ್‌ಬುಕ್ ಹಾಳೆ ಒಳಗಿದ್ದರೆ ಸಣ್ಣಗೆ ಹರಿಯಿರಿ. ಮಿರ್ಚಿ ಕಟ್ಟಿಕೊಟ್ಟ ಕಾಗದ ಬಿಡಿಸಿದರೆ ಯಾವುದೋ ಹುಡುಗಿಯ ಫೋಟೋ, ಮನೆ ವಿಳಾಸ, ಫೋನ್ ನಂಬರು ಎಣ್ಣೆಯಲ್ಲಿ ನೆನೆದು ಕೂತಿರುವುದನ್ನು ನಾನೇ ಕಂಡಿದ್ದೇನೆ.

ಬ್ಯಾರಲ್, ಕೊಡ, ಬಕೀಟಿನ ನೀರು ಚೆಲ್ಲಿ, ಒಳಮೈ ತಿಕ್ಕಿ, ಬೋರಲು ಹಾಕಿ. ಸೊಳ್ಳೆಯ ಮೊಟ್ಟೆ ಒಣ ಗೋಡೆಗೂ ಅಂಟಿಕೊಂಡು ತಿಂಗಳುಗಟ್ಟಲೆ ಉಳಿಯುತ್ತದೆ, ಹೀಗಾಗಿ ತಿಕ್ಕಲೇಬೇಕು.

ಕಾಟಿನ ಕೆಳಗೆ, ಅಟ್ಟದ ಮೇಲೆ, ಬಚ್ಚಲಿನ ಕಿಟಕಿಯಲ್ಲಿ ಕೊನೆಯದಾಗಿ ಒಮ್ಮೆ ನೋಡಿ.

ಖಾಲಿ ಖೋಲಿಯ ಫೋಟೋ ತೆಗೆದುಕೊಂಡು, ಮಾಲೀಕರ ಎದುರಿಗೇ ಕೀಲಿ ಕೊಡಿ.

ಮಾಡಬಾರದ್ದು

ರಾತ್ರಿ ಕಸದ ಚೀಲ ಗೇಟಿನ ಹೊರಗೆ ಇಡುವುದು ಬೇಡ. ಬೆಳಗಾಗುವುದರೊಳಗೆ ನಾಯಿಗಳು ಹರಿದು ಓಣಿ ತುಂಬ ಎಳೆದಿರುತ್ತವೆ.

ಎಲ್ಲವನ್ನೂ ಒಂದೇ ಗೋಣಿಚೀಲಕ್ಕೆ ತುಂಬಿ ಬಾಯಿ ಕಟ್ಟಬಾರದು.

ನೋಟ್‌ಬುಕ್ಕು, ಪ್ಲಾಸ್ಟಿಕ್ಕು, ಗಾದಿಯನ್ನು ಟೆರೇಸಿನ ಮೇಲೆ ಸುಡುವುದು ಬೇಡ. ಪರೀಕ್ಷೆ ಮುಗಿದ ಖುಷಿಗೆ ಪುಸ್ತಕಕ್ಕೆ ಬೆಂಕಿ ಹಚ್ಚುವ ಚಟವೂ ಬೇಡ.

ತಾಮ್ರಕ್ಕಾಗಿ ವೈರು ಸುಡಬಾರದು.

ಗಟಾರಕ್ಕೆ ಏನನ್ನೂ ತುರುಕಬಾರದು.

ಕೆಲಗೇರಿ ಕೆರೆ, ಸಾಧನಕೇರಿ ದಂಡೆಗೆ ಚೀಲ ಒಯ್ದು ಸುರಿಯುವುದು ಬೇಡ. ಬೀದಿ, ಬಯಲು, ಚರಂಡಿ, ಕೆರೆಗೆ ಕಸ ಎಸೆಯುವುದು, ಸುಡುವುದು, ಹೂಳುವುದು ಮೂರೂ ಕೂಡದೆಂದು ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲೇ ಇದೆ.

ಬೈಪಾಸಿನ ಬದಿಗೆ ಗಾದಿ ಎಸೆಯಬಾರದು.

ಉಬ್ಬಿದ ಬ್ಯಾಟರಿಗೆ ಚುಚ್ಚುವುದು, ಬಡಿಯುವುದು ಬೇಡವೇ ಬೇಡ.

ಸಿಲಿಂಡರಿನಲ್ಲಿ ಉಳಿದ ಗ್ಯಾಸನ್ನು ಖೋಲಿಯಲ್ಲಿ ಬಿಟ್ಟು ಖಾಲಿ ಮಾಡಬಾರದು. ಹೊರಗೂ ಮಾಡಬಾರದು. ಅದು ಗಾಳಿಗಿಂತ ಭಾರ. ನೆಲಕ್ಕೆ ಕೂತು ಕಿಡಿಗಾಗಿ ಕಾಯುತ್ತದೆ.

ಸಿಲಿಂಡರನ್ನು ಮುಂದಿನವರಿಗೆಂದು ಬಿಟ್ಟುಹೋಗುವುದು ಬೇಡ.

ಉಳಿದ ಗುಳಿಗೆ, ಟಾನಿಕ್ಕನ್ನು ಬಚ್ಚಲಿಗೆ ಸುರಿಯಬಾರದು.

ಪ್ಯಾಡನ್ನು ಸಂಡಾಸಿಗೆ ಹಾಕಿ ನೀರು ಹೊಡೆಯಬಾರದು. ಪೈಪು ಕಟ್ಟಿಕೊಳ್ಳುವುದು ನಿಮ್ಮ ಖೋಲಿಯದಲ್ಲ, ಕೆಳಗಿನ ಮನೆಯದು.

‘ಬೇಕಾದವರು ಒಯ್ಯಲಿ’ ಎಂದು ಸಾಮಾನನ್ನು ಮೆಟ್ಟಿಲ ಮೇಲೆ ಇಡುವುದು ಬೇಡ. ಯಾರೂ ಒಯ್ಯುವುದಿಲ್ಲ.

ಸಾಕಿದ ಬೆಕ್ಕಿನ ಮರಿ, ನಾಯಿಮರಿಯನ್ನು ಓಣಿಯಲ್ಲಿ ಬಿಟ್ಟುಹೋಗಬಾರದು. ಕಸದ ಪಟ್ಟಿಯಲ್ಲಿ ಇದನ್ನು ಬರೆಯಬೇಕಾಗಿ ಬಂದದ್ದೇ ನಾಚಿಕೆ.

ಡಿಪಾಸಿಟ್ಟಿನಲ್ಲಿ ಮುರಿದುಕೊಳ್ಳಲಿ ಎಂದು ಕಸ ಬಿಟ್ಟು ನಡೆಯಬಾರದು. ಆ ರೊಕ್ಕ ಗಾಜು ಎತ್ತಿದವರ ಕೈಗೆ ಹೋಗುವುದಿಲ್ಲ.

ಮಾಲೀಕರಿಗೆ

ಖೋಲಿ ಬಿಡುವ ತಿಂಗಳ ಮೊದಲ ವಾರವೇ ಈ ಕಾಗದವನ್ನು ಬಾಗಿಲಿಗೆ ಅಂಟಿಸಿ.

ಹಸಿ, ಒಣ ಎರಡೂ ಡಬ್ಬಿ ನೀವೇ ಇಡಿ.

ಕೀಲಿ ಇಸಿದುಕೊಳ್ಳುವ ಮೊದಲು ಹುಡುಗರ ಜೊತೆ ನಿಂತು ಖೋಲಿ ನೋಡಿ.

ಖಾಲಿ ಬಿದ್ದ ಖೋಲಿಯ ಬ್ಯಾರಲ್, ಟಾಕಿಯನ್ನು ವಾರಕ್ಕೊಮ್ಮೆ ನೋಡಿ.

ಪೌರಕಾರ್ಮಿಕರ ಕೈಗೆ ನೂರು ರೂಪಾಯಿ ತುರುಕಿ ಇಡೀ ಖೋಲಿಯ ಕಸ ಎತ್ತಿಸುವುದು ಬೇಡ.

ಟಂಟಂ ಬಾಡಿಗೆಗೆ ಹಿಡಿದು ಊರ ಹೊರಗೆ ಸುರಿಸಬಾರದು.

ಹಿಂದಿನವರು ಬಿಟ್ಟುಹೋದ ಕಸವನ್ನು ಹೊಸದಾಗಿ ಬಂದ ಹುಡುಗರ ಕೊರಳಿಗೆ ಕಟ್ಟಬಾರದು.